ಮೂರು ಬೆರಳಿನ ಕೊಕ್ಕೆ

ಫೆಸ್ಟಿ ತನ್ನ ಸೋದರಮಾವ ಪ್ಯಾಚ್‌ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಹೆಣದ ಹಣೆಯ ಕಡೆಗೆ ಎಳೆಯುತ್ತಿದ್ದ. ಪ್ಯಾಚ್ ಇನ್ನೊಂದು ಕೈಯಿಂದ ಶವಪೆಟ್ಟಿಗೆಯ ಅಂಚು ಹಿಡಿದು ಹಿಂದಕ್ಕೆ ಜಗ್ಗುತ್ತಿದ್ದ. ಅವನ ಎಡಗಾಲು ಮಡಚುತ್ತಿರಲಿಲ್ಲ. ಅದನ್ನೇ ಗೂಟದಂತೆ ನೆಲಕ್ಕೆ ಊರಿದ್ದ. ಪೆಟ್ಟಿಗೆ ಹೊತ್ತಿದ್ದ ಕುರ್ಚಿಗಳು ಕಿರುಗುಟ್ಟಿದವು. ತಲೆಯ ಬಳಿಯ ಮೇಣದಬತ್ತಿಯೊಂದು ಉರುಳಿ ಆರಿತು.

"ಮುಟ್ಟು ಮಾಮ."

"ಬಿಡೋ ಕೈ."

"ಎಲ್ಲಾರೂ ಮುಟ್ಟಾಯ್ತು. ನೀನೊಬ್ಬನೇ ಬಾಕಿ."

"ಮುಟ್ಟಲ್ಲ ಅಂತ ಮೊನ್ನೆನೇ ಹೇಳಿದೀನಿ."

"ಯಾಕೆ ಮುಟ್ಟಲ್ಲ? ಅಪ್ಪನ ಮುಂದೇನೇ ಹೇಳು."

ಪ್ಯಾಚ್ ಇನ್ನೂ ಜೋರಾಗಿ ಹಿಂದಕ್ಕೆ ಜಗ್ಗಿದ. ಕೋಣೆಯಲ್ಲಿ ಇಪ್ಪತ್ತು ಜನರಿದ್ದರು. ಯಾರೂ ಬಿಡಿಸಲು ಬರಲಿಲ್ಲ.

ಕೋಲ್ಮನ್ ಮಲ್ಕೆರಿನ್ ಎರಡು ದಿನದಿಂದ ಮೂರನೇ ಮಹಡಿಯ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಮಲಗಿದ್ದ. ಐವತ್ತೆಂಟು ವರ್ಷ. ಅದರಲ್ಲಿ ಮೂವತ್ತಾರು ನ್ಯೂಯಾರ್ಕಿನ ಧಕ್ಕೆಯಲ್ಲಿ ಹಡಗಿನ ಸರಕು ಎಳೆದೇ ಹೋಗಿದ್ದವು. ಗುರುವಾರ ರಾತ್ರಿ ಅವನನ್ನು ಹಡಗಿಗೂ ಧಕ್ಕೆಗೂ ನಡುವಿನ ಎಣ್ಣೆನೀರಿನಿಂದ ಎತ್ತಿದ್ದರು. ತಲೆಯ ಹಿಂಭಾಗ ಒಡೆದ ತೆಂಗಿನಕಾಯಿಯಂತೆ ಒಳಗೆ ಕುಸಿದಿತ್ತು. ಕಾಲು ಜಾರಿ ಬಿದ್ದ ಎಂದು ಪೊಲೀಸರು ಬರೆದುಕೊಂಡರು. ಹೆಣ ಕಾಯಲು ಬಂದವರಲ್ಲಿ ಅದನ್ನು ನಂಬಿದವರು ಯಾರೂ ಇರಲಿಲ್ಲ. ನಂಬುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದವರೂ ಇರಲಿಲ್ಲ. ಬಂದರು, ಹಣೆ ಮುಟ್ಟಿದರು, ಮಂಡಿಯೂರಿ ಜಪ ಹೇಳಿದರು, ಅಡುಗೆಮನೆಗೆ ಹೋಗಿ ವಿಸ್ಕಿ ಕುಡಿದರು.

ಮುಟ್ಟದೆ ಹೋದವನ ಕನಸಿಗೆ ಸತ್ತವನು ಬರುತ್ತಾನೆ ಎಂದು ಕಡಲಾಚೆ ಬಿಟ್ಟುಬಂದ ಅವರ ಊರಾದ ಕಾನೆಮಾರಾದಲ್ಲಿ ಹೇಳುತ್ತಿದ್ದರು. ಇನ್ನೊಂದು ಮಾತನ್ನೂ ಹೇಳುತ್ತಿದ್ದರು, ದನಿ ತಗ್ಗಿಸಿ. ಕೊಂದವನ ಕೈ ತಾಗಿದರೆ ಹೆಣ ರಕ್ತ ಕಾರುತ್ತದೆ.

"ನಮ್ಮೂರಲ್ಲಿ ಒಬ್ಬ ಹೀಗೇ ತಪ್ಪಿಸ್ಕೊಂಡ್ ಓಡಾಡ್ತಿದ್ದ," ಎಂದಳು ಸಿಬಿ ಅಜ್ಜಿ. ಕೆಳಗಿನ ಮನೆಯ ಮುದುಕಿ. ಒಲೆಯ ಪಕ್ಕದ ಕುರ್ಚಿಯಿಂದ ಎರಡು ದಿನ ಎದ್ದಿರಲಿಲ್ಲ. ಹಲ್ಲಿಲ್ಲದ ಬಾಯಲ್ಲಿ ಮಣ್ಣಿನ ಚಿಲುಮೆ. "ಹೊಲದ ಬೇಲಿ ಜಗಳ. ಅಣ್ಣನ್ನೇ ಹೊಡೆದು ಹಾಕಿದ್ದ. ಮುಟ್ಟೋ ಅಂದ್ರೆ ಹೊಟ್ಟೆನೋವು ಅಂದ."

"ಅಜ್ಜಿ, ನೀವು ಸ್ವಲ್ಪ ಸುಮ್ನಿರಿ," ಎಂದಳು ಡೀಲಿಯಾ. ಸತ್ತವನ ಹೆಂಡತಿ. ಪ್ಯಾಚ್‌ನ ಒಡಹುಟ್ಟಿದ ಅಕ್ಕ.

"ನಾನೇನಂದೆ? ಊರಿನ ಕತೆ ಹೇಳ್ದೆ."

ಕಿಟಕಿಯ ಬಳಿಯಿಂದ ಟೈರ್ನಿ ಬಂದು ಫೆಸ್ಟಿಯ ಹೆಗಲ ಮೇಲೆ ಕೈಯಿಟ್ಟ. ಅಗಲ ಬೆನ್ನಿನ ಮನುಷ್ಯ, ಬಿಳಿ ಕೂದಲು, ಒಳ್ಳೆಯ ಕಪ್ಪು ಕೋಟು. ಧಕ್ಕೆಯ ಮೇಸ್ತ್ರಿ. ಇಪ್ಪತ್ತು ವರ್ಷದ ಹಿಂದೆ ಫೆಸ್ಟಿಗೆ ಹೆಸರಿಡುವಾಗ ಪಾದ್ರಿಯ ಮುಂದೆ ಎತ್ತಿಕೊಂಡಿದ್ದವನು ಅವನೇ. ಮೊದಲ ದಿನ ಎಲ್ಲರಿಗಿಂತ ಮೊದಲು ಬಂದು ಕೋಲ್ಮನ್‌ನ ಹಣೆಯ ಮೇಲೆ ಇಡೀ ಅಂಗೈ ಊರಿ, ಒಂದು ಪ್ರಾರ್ಥನೆ ಮುಗಿಯುವಷ್ಟು ಹೊತ್ತು ಹಾಗೇ ನಿಂತಿದ್ದ. ಎಲ್ಲರೂ ನೋಡಿದ್ದರು. ಏನೂ ಆಗಿರಲಿಲ್ಲ. ಮೇಣ ಬಳಿದಂತಿದ್ದ ಮುಖ ಹಾಗೇ ಇತ್ತು.

"ಬಿಟ್ಬಿಡು ಮಗಾ," ಎಂದ ಟೈರ್ನಿ. "ಮುಟ್ಟೋಕೆ ಆಗದೋನನ್ನ ಬಲವಂತ ಮಾಡಿ ಏನು ಸಿಗುತ್ತೆ? ಗೊತ್ತಾಗೋದು ಗೊತ್ತಾಯ್ತಲ್ಲ."

ಫೆಸ್ಟಿ ಕೈ ಬಿಟ್ಟ. ಪ್ಯಾಚ್ ಹಿಂದಕ್ಕೆ ಗೋಡೆಗೆ ಬಡಿದುಕೊಂಡ. ಪೆಟ್ಟಿಗೆಯ ಮುಚ್ಚಳ ಹಾಕಿದರು. ಗೋಡೆಯ ಮೊಳೆಗೆ ನೇತುಹಾಕಿದ್ದ ಅಪ್ಪನ, ಸರಕು ಎಳೆಯುವ ಮರದ ಹಿಡಿಯ ಕಬ್ಬಿಣದ ಕೊಕ್ಕೆಯನ್ನು ತೆಗೆದು ಫೆಸ್ಟಿ ಕೋಟಿನೊಳಗೆ ಸೊಂಟಕ್ಕೆ ಸಿಕ್ಕಿಸಿಕೊಂಡದ್ದನ್ನು ಡೀಲಿಯಾ ನೋಡಿದಳು.

*

ಧಕ್ಕೆಯಲ್ಲಿ ಕೆಲಸ ಸಿಗುವುದು ನಿಂತವರಿಗೆ. ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಮುಂಚೆ, ಮಧ್ಯಾಹ್ನ ಒಂದಕ್ಕೆ ಐದು ನಿಮಿಷ ಮುಂಚೆ, ಇನ್ನೂರು ಮುನ್ನೂರು ಗಂಡಸರು ಗೇಟಿನ ಮುಂದೆ ಕುದುರೆ ಲಾಳದ ಆಕಾರದಲ್ಲಿ ನಿಲ್ಲುತ್ತಾರೆ. ಮೇಸ್ತ್ರಿ ಸೀಟಿ ಊದಿ, ನಡುವೆ ಬಂದು, ಬೆರಳು ತೋರಿಸುತ್ತಾನೆ. ನೀನು. ನೀನು. ನೀನಲ್ಲ. ಬಲಗಿವಿಯ ಮೇಲೆ ಬೆಂಕಿಕಡ್ಡಿ ಸಿಕ್ಕಿಸಿಕೊಂಡು ನಿಂತವನು, ಕೂಲಿಯಲ್ಲಿ ನಿನ್ನ ಪಾಲು ನಿನಗೆ, ನೀನು ಹೇಳಿದ್ದಕ್ಕೆ ನಾನು, ಎಂದು ಮೇಸ್ತ್ರಿಗೆ ಬಾಯಿಬಿಡದೆ ಹೇಳಿದಂತೆ. ಕಡ್ಡಿ ಇಲ್ಲದವರು ಸಂಜೆಯವರೆಗೆ ನದಿ ನೋಡುತ್ತಾರೆ.

ಹೋದ ಮಂಗಳವಾರ ಬೆಳಿಗ್ಗೆ ಫೆಸ್ಟಿ ಮೊದಲ ಸಲ ಕಡ್ಡಿ ಸಿಕ್ಕಿಸಿಕೊಂಡು ನಿಂತಿದ್ದ. ಕೋಲ್ಮನ್ ಲಾಳದ ಇನ್ನೊಂದು ತುದಿಯಲ್ಲಿದ್ದ. ಅವನು ಕಡ್ಡಿ ಇಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅವನ ಅಗತ್ಯ ಮೇಸ್ತ್ರಿಗೆ ಬೇರೆ ಥರದ್ದು. ಅವನು ಸಾಲು ಬಿಟ್ಟು, ನಡುವಿನ ಖಾಲಿ ಜಾಗ ದಾಟಿ, ಮಗನ ಮುಂದೆ ನಿಂತ. ಬಲಗೈಯಲ್ಲಿ ಉಳಿದಿದ್ದ ಮೂರು ಬೆರಳಿನಲ್ಲಿ ಕಡ್ಡಿಯನ್ನು ಮೆಲ್ಲಗೆ ತೆಗೆದ, ಬೂಟಿನ ಅಟ್ಟೆಗೆ ಗೀರಿದ, ತನ್ನ ಪೈಪು ಹೊತ್ತಿಸಿಕೊಂಡ.

"ಮನೆಗೆ ಹೋಗು," ಎಂದ.

"ಅಪ್ಪಾ, ಎಲ್ಲಾ ನೋಡ್ತಿದಾರೆ."

"ನೋಡ್ಲಿ. ಹೋಗು."

ಯಾರೋ ಕಿಸಕ್ಕೆಂದರು. ಟೈರ್ನಿ ನಗಲಿಲ್ಲ. ಕೋಲ್ಮನ್ ಹೊಗೆ ಬಿಟ್ಟು ಅವನನ್ನು ನೋಡಿದ. ಮೂವತ್ತು ವರ್ಷದಲ್ಲಿ ಆ ಮೇಸ್ತ್ರಿಯ ಎದುರು ಯಾರೂ ಹಾಗೆ ಹೊಗೆ ಬಿಟ್ಟಿರಲಿಲ್ಲ.

ಫೆಸ್ಟಿ ಮನೆಗೆ ಹೋಗಲಿಲ್ಲ. ಅವಮಾನಕ್ಕೆ ಎರಡು ದಿನ ಸ್ನೇಹಿತನ ಕೋಣೆಯಲ್ಲಿ ಬಿದ್ದಿದ್ದ. ಬಂದಾಗ ಅಪ್ಪ ಇರಲಿಲ್ಲ.

*

ಮೆಟ್ಟಿಲು ತಿರುಗುವಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. ಮುಂದೆ ಫೆಸ್ಟಿ ಮತ್ತು ಟೈರ್ನಿ, ಹಿಂದೆ ಕೋಲ್ಮನ್‌ನ ಜೊತೆ ಕೆಲಸ ಮಾಡುತ್ತಿದ್ದ ಫಾಹಿ ಮತ್ತು ಅವನ ತಮ್ಮ. ಜೂನ್ ತಿಂಗಳ ಸೆಕೆ. ನಾಲ್ವರ ಅಂಗಿಯೂ ಬೆನ್ನಿಗೆ ಅಂಟಿತ್ತು.

"ಎತ್ತಿ ನಿಲ್ಸ್ರೋ," ಎಂದ ಫಾಹಿ. "ಅಡ್ಡಡ್ಡ ಹೋಗಲ್ಲ."

"ಹೆಣ ನಿಲ್ಸಬಾರ್ದು ಕಣಪ್ಪಾ," ಎಂದು ಮೇಲಿನಿಂದ ಸಿಬಿ ಅಜ್ಜಿ.

"ಜೀವಮಾನ ಎಲ್ಲಾ ನಿಂತ್ಕೊಂಡೇ ಕಳೆದ. ಇನ್ನೊಂದ್ ಮಹಡಿ ನಿಂತ್ರೆ ಏನಾಗಲ್ಲ ಬಿಡು ಅಜ್ಜಿ."

ಮೆಟ್ಟಿಲಿನ ಮೇಲಿದ್ದವರು ನಕ್ಕರು. ಡೀಲಿಯಾಳ ತುಟಿಯ ಕೊನೆಯೂ ಅಲುಗಿತು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು. ಒಳಗೆ ಏನೋ ಜಾರಿ ಕೆಳಗೆ ಕುಳಿತ ಸದ್ದು ಬಂತು. ನಗು ನಿಂತಿತು.

ಪ್ಯಾಚ್ ಎಲ್ಲರಿಗಿಂತ ಹಿಂದೆ ಇಳಿಯುತ್ತಿದ್ದ. ಒಂದೊಂದು ಮೆಟ್ಟಿಲಿಗೂ ಗಟ್ಟಿ ಕಾಲನ್ನು ಮೊದಲು ಇಳಿಸಿ, ಕಂಬಿ ಹಿಡಿದು, ಇನ್ನೊಂದನ್ನು ಪಕ್ಕಕ್ಕೆ ತರಬೇಕು. ಅವನು ಕೆಳಗಿನ ಹಜಾರಕ್ಕೆ ಬರುವಷ್ಟರಲ್ಲಿ ಪೆಟ್ಟಿಗೆ ರಸ್ತೆಯಲ್ಲಿ ಗಾಡಿಯೊಳಗೆ ಹೋಗಿಯಾಗಿತ್ತು. ಹಗಲಲ್ಲೂ ಕತ್ತಲೆಯ ಉದ್ದ ಹಜಾರ. ಫೆಸ್ಟಿ ಬಾಗಿಲಿನ ಕಡೆಯಿಂದ ವಾಪಸು ಬಂದು ಅವನ ಎದುರು ನಿಂತ.

ಮೊದಲ ಗುದ್ದಿಗೇ ಮೂಗಿನ ಮೂಳೆ ಮುರಿದ ಸದ್ದು ಕೇಳಿಸಿತು. ಎರಡನೆಯದಕ್ಕೆ ಪ್ಯಾಚ್‌ನ ತಲೆ ಗೋಡೆಯ ಅಂಚೆ ಡಬ್ಬಿಗಳ ಸಾಲಿಗೆ ಬಡಿಯಿತು. ಅವನು ಕೈ ಎತ್ತಲಿಲ್ಲ. ಅದೇ ಫೆಸ್ಟಿಗೆ ತಡೆಯಲಾಗಲಿಲ್ಲ. ಕೆಳಗೆ ಬಿದ್ದವನ ಪಕ್ಕೆಗೆ ಬೂಟಿನಿಂದ ಒದ್ದ. ನಾಲ್ಕು ಸಲ, ಐದು ಸಲ, ಹಮಾಲಿಗಳು ಮೂಟೆ ಸರಿಸಲು ಒದೆಯುವ ಹಾಗೆ, ಸಿಟ್ಟಿಲ್ಲದವನಂತೆ. ಆಮೇಲೆ ಕೋಟಿನೊಳಗಿಂದ ಕೊಕ್ಕೆ ಎಳೆದ.

"ನಿಮ್ಮಿಬ್ಬರಿಗೂ ಮಾತು ಬಿಟ್ಟು ಎಷ್ಟು ವರ್ಷ ಆಗಿತ್ತು? ಅಪ್ಪ ಬಂದ್ರೆ ನೀನು ಎದ್ದು ಹೋಗ್ತಿದ್ದೆ. ಹೇಳು. ಏನಿತ್ತು ನಿಂಗೆ ಅವನ ಮೇಲೆ?"

ಪ್ಯಾಚ್ ರಕ್ತ ಉಗಿದ. "ಸತ್ತಿದಾನೆ. ಬಿಟ್ಬಿಡು."

ಕೊಕ್ಕೆಯ ಮೊನೆ ಅವನ ದವಡೆಯ ಕೆಳಗೆ ಕುಳಿತಿತು. ಚರ್ಮ ಬಿಳುಪಾಗಿ ಒಳಗೆ ಹೋಯಿತು.

ಬಾಗಿಲಲ್ಲಿ ಟೈರ್ನಿ ಬಂದು ನಿಂತಿದ್ದ. ಅವಸರವಿಲ್ಲದ ದನಿಯಲ್ಲಿ ಹೇಳಿದ: "ಇಲ್ಲಿ ಬೇಡ ಮಗಾ. ನಿಮ್ಮಪ್ಪ ಮಣ್ಣಾಗೋ ತನಕ ರಕ್ತ ಹರಿಬಾರ್ದು. ಮಣ್ಣಾದ್ಮೇಲೆ ಅದು ನಿಂದು, ನಿಮ್ಮಪ್ಪಂದು. ಯಾರೂ ಕೇಳಲ್ಲ. ನಾನು ನೋಡ್ಕೋತೀನಿ."

ಫೆಸ್ಟಿ ಉಸಿರು ಬಿಟ್ಟ. ಕೊಕ್ಕೆ ತೆಗೆದ. ಮಾವನ ಕಾಲರು ಹಿಡಿದು ಎಬ್ಬಿಸಿ ಗೋಡೆಗೆ ಒರಗಿಸಿದ.

"ಕೇಳಿಸ್ತಾ ಮಾಮ? ಮಣ್ಣು ಹಾಕೋ ತನಕ ಟೈಮಿದೆ. ಆಮೇಲೆ ನೀನು ಆ ಸ್ಮಶಾನದ ಗೇಟು ದಾಟಲ್ಲ."

ಡೀಲಿಯಾ ಕೊನೆಯ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಕಣ್ಣು ಮಗನ ಮೇಲಿರಲಿಲ್ಲ, ಟೈರ್ನಿಯ ಮೇಲಿತ್ತು. ಟೈರ್ನಿ ಅವಳಿಗೆ ತಲೆ ಬಾಗಿಸಿ, ಟೊಪ್ಪಿ ಹಾಕಿಕೊಂಡು ಹೊರಗೆ ಹೋದ.

*

ಹನ್ನೊಂದು ವರ್ಷದ ಹಿಂದೆ ಪ್ಯಾಚ್ ಒಂದು ಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದ. ಸರದಿಯ ಪ್ರಕಾರ ಕೆಲಸ ಕೊಡಿ, ದನದ ಸಂತೆಯ ಹಾಗೆ ಬೆರಳು ತೋರಿಸಿ ಆರಿಸಬೇಡಿ ಎಂದ. ಅಷ್ಟೇ. ಎರಡು ನಿಮಿಷದ ಮಾತು.

ಮೂರು ದಿನ ಬಿಟ್ಟು, ಮಧ್ಯಾಹ್ನ ಊಟದ ಹೊತ್ತಿಗೆ, ಬಾಳೆಹಣ್ಣಿನ ಗೋದಾಮಿನ ಹಿಂದೆ ಇಬ್ಬರು ಅವನನ್ನು ಕೆಡವಿ ಹಿಡಿದುಕೊಂಡರು. ಮೂರನೆಯವನು ಪೆಟ್ಟಿಗೆ ಮೀಟುವ ಕಬ್ಬಿಣದ ಸಲಾಕೆ ಹಿಡಿದು ಬಂದ. ಅದು ಕೋಲ್ಮನ್. ಹೊಡೆಯಬೇಕಾದವರು ಇದ್ದಾಗ ಟೈರ್ನಿ ಅವನನ್ನೇ ಕಳಿಸುತ್ತಿದ್ದ. ಅದಕ್ಕೇ ಅವನಿಗೆ ಕಡ್ಡಿ ಬೇಕಿರಲಿಲ್ಲ.

"ನಾನು ಮಾಡದಿದ್ರೆ ಬೇರೆಯವರು ಮಾಡ್ತಾರೆ," ಎಂದ ಕೋಲ್ಮನ್. "ಅವರು ನಿನ್ನ ನೀರಿಗೆ ಹಾಕ್ತಾರೆ. ಯಾವ ಕಾಲು ಅಂತ ನೀನೇ ಹೇಳು."

"ಕೋಲ್ಮನ್, ನಾನು ಡೀಲಿಯಾಳ ತಮ್ಮ ಕಣೋ."

"ಗೊತ್ತು. ಅದಕ್ಕೇ ಕೇಳ್ತಿರೋದು. ಯಾವ ಕಾಲು?"

ಪ್ಯಾಚ್ ಎಡಗಾಲು ಎಂದ.

ಮಂಡಿ ಪೂರ್ತಿ ಒಡೆಯಲು ಮೂರು ಏಟು ಬೇಕಾಯಿತು. ಆಮೇಲೆ ಕೋಲ್ಮನ್ ಸಲಾಕೆ ಬಿಸಾಡಿ, ಅವನನ್ನು ಮೂಟೆಯಂತೆ ಹೆಗಲಿಗೆ ಹಾಕಿಕೊಂಡು ನಾಲ್ಕು ಬೀದಿ ನಡೆದು ಆಸ್ಪತ್ರೆಗೆ ಸೇರಿಸಿದ. ಹಡಗಿನ ಉಗ್ರಾಣಕ್ಕೆ ಬಿದ್ದ ಎಂದು ದಾದಿಗೆ ಹೇಳಿದ. ಪ್ಯಾಚ್ ಕೂಡ ಹಾಗೇ ಹೇಳಿದ. ಪೊಲೀಸರಿಗೂ ಹಾಗೇ. ಬಾಯಿಬಿಟ್ಟವನ ಮನೆಗೆ ಅವರ ಊರಲ್ಲಿ ಮೂರು ತಲೆಮಾರು ಹೆಣ್ಣು ಕೊಡುತ್ತಿರಲಿಲ್ಲ. ಅದನ್ನು ಹಡಗು ಹತ್ತುವಾಗ ಯಾರೂ ಬಿಟ್ಟು ಬಂದಿರಲಿಲ್ಲ.

ಸಂಜೆ ಕೋಲ್ಮನ್ ಮನೆಗೆ ಬಂದು ಸೋಪು ಹಾಕಿ ಕೈ ತೊಳೆದ. ಡೀಲಿಯಾ ನೀರು ಹೊಯ್ದಳು. ಅವನ ಅಂಗಿಯ ಬೆನ್ನಿನ ಮೇಲೆ, ಹೆಗಲಿನಿಂದ ಸೊಂಟದವರೆಗೆ, ರಕ್ತ ಸೋರಿ ಒಣಗಿತ್ತು. "ಇದು ನಿನ್ನ ತಮ್ಮಂದು," ಎಂದ. "ಜೀವಕ್ಕೇನಿಲ್ಲ." ಅವಳು ಅಂಗಿ ನೆನೆಹಾಕಿದಳು. ಊಟ ಬಡಿಸಿದಳು. ಅವನು ಎರಡನೇ ಸಲ ಹಾಕಿಸಿಕೊಂಡ.

*

ಚರ್ಚಿನಲ್ಲಿ ಹನ್ನೊಂದರ ಪೂಜೆ. ಡೀಲಿಯಾ ಮುಂದಿನ ಬೆಂಚಿನಲ್ಲಿ ಮಗನಿಗೂ ತಮ್ಮನಿಗೂ ನಡುವೆ ಕುಳಿತಳು. ಪ್ಯಾಚ್‌ನ ಮೂಗು ಬದನೆಕಾಯಿಯಾಗಿತ್ತು. ಕರವಸ್ತ್ರ ತುಂಬಿಹೋಗಿ ಅವಳ ಶಾಲಿನ ತುದಿಯನ್ನು ಒತ್ತಿಕೊಂಡಿದ್ದ. ಕೋಲ್ಮನ್ ಕಷ್ಟಜೀವಿ, ಮಾತು ಕಡಿಮೆ, ಸಂಸಾರವಂತ ಎಂದು ಪಾದ್ರಿ ಹೇಳಿದರು. ಎಲ್ಲವೂ ನಿಜವೇ. ಎರಡನೇ ಸಾಲಿನಲ್ಲಿ ಟೈರ್ನಿ ಎಲ್ಲ ಪ್ರಾರ್ಥನೆಗೂ ಗಟ್ಟಿಯಾಗಿ ದನಿಗೂಡಿಸುತ್ತಿದ್ದ.

ಪೂಜೆ ಮುಗಿದು ಪೆಟ್ಟಿಗೆಯನ್ನು ಗಾಡಿಗೆ ಹಾಕುತ್ತಿರುವಾಗ ಹೆಣ ಕೆಡದಂತೆ ಸಿದ್ಧಮಾಡುವ ಕ್ಯೂಸಾಕ್ ಅವಳ ಬಳಿ ಬಂದ. ಇಲ್ಲೇ ಹುಟ್ಟಿ ಬೆಳೆದವನು, ಎಣ್ಣೆ ಹಚ್ಚಿದ ಕ್ರಾಪು.

"ಒಳ್ಳೇ ರೀತಿ ಇದ್ರು ಅಲ್ವಾ ಅಮ್ಮಾ? ಈ ಸೆಕೆಗೆ ನಾಲ್ಕು ದಿನ ಅಂದ್ರೆ ಸುಮ್ನೆ ಅಲ್ಲ."

"ಚೆನ್ನಾಗಿ ಕಾಣ್ತಿದ್ರು," ಎಂದಳು. ಆಮೇಲೆ ಕೇಳಿದಳು, "ತಲೆ ಅಷ್ಟು ಒಡೆದಿತ್ತಲ್ಲ. ಎಲ್ಲೂ ಒಂದು ತೊಟ್ಟು ರಕ್ತ ಬರ್ಲಿಲ್ಲ."

"ಎಲ್ಲಿಂದ ಬರುತ್ತೆ? ಮೊದಲನೇ ದಿನಾನೇ ಎಲ್ಲಾ ಇಳಿಸಿಬಿಡ್ತೀವಿ. ಒಳಗಿರೋದು ಬರೀ ಔಷಧಿ. ಕೊಡಲೀಲಿ ಕಡಿದ್ರೂ ಕೆಂಪು ಬರಲ್ಲ."

ಡೀಲಿಯಾ ಅವನನ್ನೇ ನೋಡುತ್ತ ನಿಂತಳು. ಇನ್ನೂರು ಜನ ಆ ಹಣೆಯನ್ನು ಮುಟ್ಟಿ, ಮುಖ ನೋಡಿ, ಸಮಾಧಾನದಿಂದ ಅಡುಗೆಮನೆಗೆ ಹೋಗಿದ್ದರು.

ಅವಳಿಗೆ ಮುಟ್ಟಿಸಿ ತಿಳಿಯಬೇಕಾದದ್ದು ಏನೂ ಇರಲಿಲ್ಲ.

*

ಗುರುವಾರ ಸಂಜೆ ಆರು ಗಂಟೆ. ಹೊರಗೆ ಇನ್ನೂ ಬಿಸಿಲಿತ್ತು. ಆಲೂಗಡ್ಡೆ ಮತ್ತು ಕೋಸು ಬಡಿಸಿ ಕೋಲ್ಮನ್‌ನ ಮುಂದೆ ಇಟ್ಟಿದ್ದಳು. ಅವನು ಅರ್ಧ ತಿಂದಿದ್ದ. ಬಾಗಿಲು ಬಡಿದರು. ತೆಗೆದದ್ದು ಅವಳೇ.

"ಡೀಲಿಯಾ, ಊಟದ ಹೊತ್ತಲ್ಲಿ ಬಂದೆ, ಬೇಜಾರು ಮಾಡ್ಕೋಬೇಡ," ಎಂದ ಟೈರ್ನಿ. ಟೊಪ್ಪಿ ಕೈಯಲ್ಲಿತ್ತು. ಹಿಂದೆ ಮೆಟ್ಟಿಲ ಮೇಲೆ ಇಬ್ಬರು ಹುಡುಗರು. "ಐದು ನಿಮಿಷ ಕೋಲ್ಮನ್‌ನ ಕಳಿಸು. ಒಂದು ಮಾತಿದೆ."

ಕೋಲ್ಮನ್ ಎದ್ದ. ಗೋಡೆಯ ಮೊಳೆಯ ಮೇಲಿನ ಕೊಕ್ಕೆಯನ್ನು ನೋಡಿದ. ಕೈ ಅರ್ಧ ಹೋಗಿ ಪಕ್ಕದ ಮೊಳೆಯಿಂದ ಟೊಪ್ಪಿ ತೆಗೆದುಕೊಂಡಿತು.

"ತಟ್ಟೆ ಮುಚ್ಚಿಡು," ಎಂದ.

ಅವಳು ಮುಚ್ಚಿಟ್ಟಳು.

ಮರುದಿನ ಪೊಲೀಸಿನವನು ಬಂದು, ಯಾರಾದರೂ ಕರೆಯಲು ಬಂದಿದ್ದರೇ ಎಂದು ಕೇಳಿದ. ಅವನೂ ಅವರ ಕಡೆಯವನೇ, ಅದೇ ಕಡಲಾಚೆಯ ಕೆರಿ ಸೀಮೆಯವನು. ಗೊತ್ತಿಲ್ಲ, ಮಲಗಿದ್ದೆ ಎಂದಳು. ಸಂಜೆ ಆರಕ್ಕಾ ಎಂದ. ತಲೆನೋವಿತ್ತು ಎಂದಳು. ಅವನು ತಲೆ ಎತ್ತದೆ ಬರೆದುಕೊಂಡ. ಹೇಳದೇ ಇದ್ದದ್ದಕ್ಕೆ ಅವನಿಗೂ ಹಗುರವಾದಂತಿತ್ತು.

*

ಹೆಣದ ಗಾಡಿಯ ಹಿಂದಿನ ಕಾರಿನಲ್ಲಿ ಮೂವರೇ ಇದ್ದರು, ಚಾಲಕನ ಹೊರತು. ಪ್ಯಾಚ್ ಮುಂದೆ, ಕಾಲು ನೀಡಿಕೊಂಡು. ಹಿಂದೆ ತಾಯಿ, ಮಗ. ಸ್ಮಶಾನಕ್ಕೆ ಹೋಗುವ ಮೊದಲು ಗಾಡಿ ಸತ್ತವನ ಧಕ್ಕೆಯ ಮುಂದೆ ಒಂದು ನಿಮಿಷ ನಿಲ್ಲುವುದು ವಾಡಿಕೆ. ಟೈರ್ನಿ ಮುಂಚೆಯೇ ತನ್ನ ಕಾರಿನಲ್ಲಿ ಹೊರಟುಹೋಗಿದ್ದ. ಮಧ್ಯಾಹ್ನದ ಆಳು ಆರಿಸುವ ಹೊತ್ತಾಗಿತ್ತು.

ಹತ್ತನೇ ಅವೆನ್ಯೂ ದಾಟುವವರೆಗೆ ಡೀಲಿಯಾ ಯೋಚಿಸಿದಳು. ಹೇಳದಿದ್ದರೆ ತಮ್ಮ ಸಾಯುತ್ತಾನೆ. ಹೇಳಿದರೆ ಮಗ ಇನ್ನೊಬ್ಬನ ಮೇಲೆ ಹೋಗುತ್ತಾನೆ. ಅಲ್ಲಿಂದ ವಾಪಸು ಬರುವುದಿಲ್ಲ. ಪಕ್ಕದಲ್ಲಿ ಫೆಸ್ಟಿಯ ಬಲಗೈ ಕೋಟಿನೊಳಗಿತ್ತು.

"ನಿನ್ನ ಮಾಮನ ಕಾಲು ಮುರಿದದ್ದು ನಿಮ್ಮಪ್ಪ," ಎಂದಳು.

ಫೆಸ್ಟಿ ತಿರುಗಲಿಲ್ಲ. "ಹಡಗಲ್ಲಿ ಬಿದ್ದಿದ್ದು."

"ಸಲಾಕೇಲಿ ಹೊಡೆದ. ಅಂಗಿ ನಾನೇ ಒಗೆದೆ. ಅದಕ್ಕೇ ಇವನು ಮುಟ್ಟಲ್ಲ. ಮುಟ್ಟಿದ್ರೆ ಕ್ಷಮಿಸಿದ ಹಾಗೆ ಅಲ್ವಾ? ಇವನು ಕ್ಷಮಿಸಿಲ್ಲ. ಅಷ್ಟೇ ಇರೋದು."

"ಸುಳ್ಳು. ತಮ್ಮನ್ನ ಉಳಿಸ್ಕೊಳ್ಳೋಕೆ ಹೇಳ್ತಿದೀಯ. ಸತ್ತವನ ಮೇಲೆ ಹಾಕ್ತಿದೀಯ."

"ಯಾವ ಕಾಲು ಅಂತ ಕೇಳಿದ," ಎಂದ ಪ್ಯಾಚ್, ಮುಂದಿನ ಗಾಜಿನ ಕಡೆ ನೋಡುತ್ತಲೇ. ಮೂಗು ಕಟ್ಟಿ ದನಿ ಬೇರೆಯವನದ್ದರಂತಿತ್ತು. "ಎಡಗಾಲು ಅಂದೆ. ಬಲಗಾಲಲ್ಲಿ ಚೆಂಡು ಒದೀತಿದ್ದೆ, ಊರಲ್ಲಿ. ಆ ಹೊತ್ತಿಗೆ ಅದೇ ಜ್ಞಾಪಕ ಬಂತು."

ಫೆಸ್ಟಿ ತಾಯಿಯ ಕಡೆ ತಿರುಗಿದ.

"ಯಾರು ಹೇಳಿ ಮಾಡಿಸಿದ್ರು?"

ಡೀಲಿಯಾ ಕಿಟಕಿಯ ಕಡೆ ನೋಡಿದಳು.

"ಸರಿ. ಅಪ್ಪನ ಕೊಂದೋರ್ಯಾರು? ಎಲ್ಲಾರೂ ಮುಟ್ಟಿದ್ರು. ಟೈರ್ನಿ ಮುಟ್ಟಿದ್ರು, ಎಲ್ಲರಿಗಿಂತ ಮೊದಲು. ಏನೂ ಬರ್ಲಿಲ್ಲ."

"ಅದರೊಳಗೆ ರಕ್ತಾನೇ ಇರ್ಲಿಲ್ಲ ಕಣೋ. ಮೊದಲನೇ ದಿನಾನೇ ಇಳಿಸಿಬಿಡ್ತಾರಂತೆ. ಕ್ಯೂಸಾಕ್ ಹೇಳ್ದ. ಈ ಊರಲ್ಲಿ ಯಾವ ಹೆಣಾನೂ ಸಾಕ್ಷಿ ಹೇಳಲ್ಲ."

ಕಾರು ಕಲ್ಲುಹಾಸಿನ ಬೀದಿಗೆ ಇಳಿದು ಕುಲುಕತೊಡಗಿತು. ಫೆಸ್ಟಿಯ ಮುಖದ ಬಣ್ಣ ಇಳಿದಿತ್ತು. ಕೊಂದವನು ಪ್ಯಾಚ್ ಆಗಿರಲಿ ಎಂದು ನಾಲ್ಕು ದಿನ ಅವನು ಹಠ ಹಿಡಿದಿದ್ದ. ಅಲ್ಲವಾದರೆ ಉಳಿಯುವುದು ಅಪ್ಪ ಮೇಸ್ತ್ರಿಯ ಎದುರು ಗೀರಿದ ಒಂದು ಬೆಂಕಿಕಡ್ಡಿ. ಅದು ಇದ್ದದ್ದು ತನ್ನ ಕಿವಿಯ ಮೇಲೆ.

"ಅವತ್ತು ಸಂಜೆ ಯಾರಮ್ಮಾ ಬಂದಿದ್ರು?"

"ಗೊತ್ತಿಲ್ಲ. ಮಲಗಿದ್ದೆ."

"ಅರ್ಧ ತಿಂದ ತಟ್ಟೆ ಮುಚ್ಚಿಟ್ಟಿದ್ದೆ. ಬಂದಾಗ ನಾನೇ ತೆಗೆದು ನೋಡಿದೆ. ಬಡಿಸಿ ಮಲಗಿದ್ಯಾ?"

"ಮಲಗಿದ್ದೆ."

ಅವಳು ಅವನ ಕಣ್ಣನ್ನೇ ನೋಡುತ್ತ ಹೇಳಿದಳು. ಬಂದವರು ಯಾರೆಂದು ಅದರಲ್ಲೇ ಅವನಿಗೆ ತಿಳಿಯಿತು.

ಗಾಡಿ ನಿಂತಿತು. ಕಾರೂ ನಿಂತಿತು.

ಗೇಟಿನ ಮುಂದೆ ಲಾಳದಂತೆ ಇನ್ನೂರು ಜನ ನಿಂತಿದ್ದರು. ನಡುವೆ ಟೈರ್ನಿ, ಕೊರಳಲ್ಲಿ ಸೀಟಿ. ಅವನು ಮೊದಲು ಟೊಪ್ಪಿ ತೆಗೆದು ಎದೆಗೆ ಹಿಡಿದ. ಇನ್ನೂರು ಟೊಪ್ಪಿಗಳು ಒಟ್ಟಿಗೆ ಇಳಿದವು. ಬಿಸಿಲಿಗೆ ತೆರೆದುಕೊಂಡ ತಲೆಗಳ ಸಾಲಿನಲ್ಲಿ, ಬಲಗಿವಿಯ ಮೇಲೆ, ಒಂದಾದ ಮೇಲೊಂದು ಬೆಂಕಿಕಡ್ಡಿಗಳ ಕೆಂಪು ತಲೆ ಕಂಡವು. ಫಾಹಿಯ ಕಿವಿಯ ಮೇಲೂ ಇತ್ತು. ಪೂಜೆ ಮುಗಿದ ಮೇಲೆ ಸಿಕ್ಕಿಸಿಕೊಂಡದ್ದಿರಬೇಕು.

ಫೆಸ್ಟಿ ಕಾರಿನ ಬಾಗಿಲು ತೆಗೆದ. ಒಂದು ಕಾಲು ನೆಲಕ್ಕಿಟ್ಟ. ಕೊಕ್ಕೆ ಕೋಟಿನಿಂದ ಅರ್ಧ ಹೊರಗೆ ಬಂದಿತ್ತು.

"ಕೊಡಿಲ್ಲಿ," ಎಂದಳು ಡೀಲಿಯಾ.

"ಬಿಡಮ್ಮ."

"ನೀನು ಮೂರು ಹೆಜ್ಜೆ ಹಾಕೋದ್ರೊಳಗೆ ಅವನ ಹುಡುಗರು ನಿನ್ನ ಮಲಗಿಸ್ತಾರೆ. ಗಾಡೀಲಿ ಇನ್ನೊಂದು ಪೆಟ್ಟಿಗೆಗೆ ಜಾಗ ಇಲ್ಲ. ಕೊಡು."

ಅವನು ಕೊಡಲಿಲ್ಲ. ಅವಳೇ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಹಿಡಿಯ ಮರದಲ್ಲಿ ಮೂರೇ ಬೆರಳಿನ ಗುಳಿ ಬಿದ್ದಿತ್ತು, ಇಪ್ಪತ್ತು ವರ್ಷ ಸವೆದು. ಹಡಗಿನ ಹಗ್ಗ ಕೋಲ್ಮನ್‌ನ ಎರಡು ಬೆರಳು ಕಿತ್ತುಕೊಂಡ ವರ್ಷವೇ ಫೆಸ್ಟಿ ಹುಟ್ಟಿದ್ದ. ಐದು ಬೆರಳಿನ ಕೈ ಅದರಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ, ಸುಲಭವಾಗಿಯೇ ಬಿಟ್ಟುಕೊಂಡಿತು.

"ಪ್ಯಾಚ್, ಬೆಂಕಿಪೊಟ್ಟಣ ಕೊಡು."

ಪ್ಯಾಚ್ ಹಿಂದಕ್ಕೆ ಕೈ ಚಾಚಿ ಕೊಟ್ಟ. ಅವಳು ಒಂದು ಕಡ್ಡಿ ತೆಗೆದಳು. ಮಗನ ಕೂದಲನ್ನು, ಶಾಲೆಗೆ ಕಳಿಸುವಾಗ ಮಾಡುತ್ತಿದ್ದಂತೆ, ಕಿವಿಯ ಹಿಂದಕ್ಕೆ ಸವರಿದಳು. ಕಡ್ಡಿಯನ್ನು ಅಲ್ಲಿ ಸಿಕ್ಕಿಸಿದಳು, ಕೆಂಪು ತಲೆ ಮುಂದಕ್ಕೆ ಬರುವಂತೆ.

"ಅಮ್ಮಾ."

"ಹೋಗಿ ನಿಂತ್ಕೋ."

"ಅಪ್ಪನ ಮಣ್ಣು?"

"ನಾನಿದೀನಿ. ನಿನ್ನ ಮಾಮ ಇದಾನೆ. ಹೋಗು."

ಫೆಸ್ಟಿ ಹೋದ. ಲಾಳದ ತುದಿಯಲ್ಲಿ, ಅವನ ಅಪ್ಪ ನಿಲ್ಲುತ್ತಿದ್ದ ಜಾಗ ಖಾಲಿ ಬಿಟ್ಟಿದ್ದರು. ಅಲ್ಲಿ ನಿಂತ. ಕೈ ಒಮ್ಮೆ ಕಿವಿಯವರೆಗೆ ಎದ್ದು ಕೆಳಗಿಳಿಯಿತು. ಟೈರ್ನಿ ಅವನನ್ನು ನೋಡಿದ, ಕಿವಿಯನ್ನು ನೋಡಿದ, ಆಮೇಲೆ ಕಾರಿನ ಕಡೆ ತಿರುಗಿದ. ಇನ್ನೂರು ಜನ ಟೊಪ್ಪಿ ಹಿಡಿದು ಕಾಯುತ್ತಿರುವಾಗಲೇ, ನಿಧಾನವಾಗಿ ಕಲ್ಲುಹಾಸು ದಾಟಿ ನಡೆದು ಬಂದು, ಡೀಲಿಯಾ ಕುಳಿತಿದ್ದ ಕಡೆಯ ಕಿಟಕಿಗೆ ಬಾಗಿದ. ಕ್ಷೌರದ ಸೋಪಿನ ವಾಸನೆ ಬಂತು.

"ಹುಡುಗನ್ನ ನಾನು ನೋಡ್ಕೋತೀನಿ ಡೀಲಿಯಾ," ಎಂದ. ಒಳಗೆ ಕೈ ಚಾಚಿದ.

ಮುಂದಿನ ಸೀಟಿನಲ್ಲಿ ಪ್ಯಾಚ್ ತಲೆ ಎತ್ತಿ ಕನ್ನಡಿಯಲ್ಲಿ ಅಕ್ಕನನ್ನು ನೋಡಿದ.

ಡೀಲಿಯಾಳ ಬಲಗೈ ಕಪ್ಪು ಶಾಲಿನೊಳಗಿತ್ತು. ಮರದ ಹಿಡಿಯ ಮೂರು ಗುಳಿಗಳಲ್ಲಿ ಮೂರು ಬೆರಳು ಇಟ್ಟು, ಉಳಿದೆರಡನ್ನು ಮಡಚಿಕೊಂಡಿದ್ದಳು. ಅವಳು ಎಡಗೈ ಚಾಚಿ ಅವನ ಕೈ ಹಿಡಿದಳು. ಹಿಡಿದದ್ದನ್ನು ಬಿಡಲಿಲ್ಲ.